ಹದಿನೇಳು ಕಿಸೆ

ಬಂದಡ್ಕದ ರಬ್ಬರ್ ತೋಟದ ಕುರಿಯಾಕೋಸ್
ನನ್ನ ಮೇಜಿನ ಮೇಲೆ ಹರವಿದರು ತೋಳಿಲ್ಲದೊಂದು ಅಂಗಿ,
ಪಾಚಿ ಬಣ್ಣ. ಮುನ್ನಾರಿನಲ್ಲಿ ಕೊಂಡದ್ದಂತೆ.
"ಐತಪ್ಪ, ಇಂಥದ್ದೇ ಇನ್ನೊಂದು. ಕಿಸೆ ಒಂದೂ ಬಿಡಬಾರದು."

ಮುಳ್ಳೇರಿಯ ಪೇಟೆಯಲ್ಲಿ ನಲವತ್ತೊಂದು ವರ್ಷ
ಕಿಸೆ ಹೊಲಿದವ ನಾನು:
ಬೀಡಿಗೊಂದು, ಚಿಲ್ಲರೆಗೊಂದು,
ಪಡ್ರೆಯ ಬ್ರೋಕರ್ ಮಾಂಕುವಿನ ಬನಿಯನಿನೊಳಗೆ
ಹೆಂಡತಿಗೂ ಗೊತ್ತಿಲ್ಲದ್ದೊಂದು.
ಇದರಲ್ಲಿ ಹದಿನೇಳು. ಎರಡು ಸಲ ಎಣಿಸಿದೆ.
"ಇಷ್ಟರೊಳಗೆ ಎಂತ ಇಡುವುದು ಮಾರಾಯ್ರೆ?"

ಅವರು ಹೇಳುತ್ತ ಹೋದರು, ನಾನು ಹಳೇ ಕ್ಯಾಲೆಂಡರಿನ ಬೆನ್ನಿಗೆ
ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದೆ.
ಇಲ್ಲಿ ನೊಣದ ಡಬ್ಬಿ
(ನೊಣವೆಂದರೆ ನೊಣವಲ್ಲ, ಗಾಳಕ್ಕೆ ಸುತ್ತಿದ ಗರಿ),
ಇಲ್ಲಿ ತಂಗೂಸಿನ ಉಂಡೆ, ಮೂರು ದಪ್ಪದ್ದು ಮೂರು,
ಇಲ್ಲಿ ಎಳೆ ತುಂಡರಿಸುವ ಕತ್ತರಿ, ಗಾಳ ಬಿಡಿಸುವ ಚಿಮಟ,
ಗರಿ ತೇಲಲಿಕ್ಕೆ ಹಚ್ಚುವ ಮೇಣ,
ಎಳೆ ಮುಳುಗಲಿಕ್ಕೆ ಹಚ್ಚುವ ಮಣ್ಣು.
"ತೇಲುವುದಕ್ಕೆ ಬೇರೆ, ಮುಳುಗುವುದಕ್ಕೆ ಬೇರೆಯೋ?"
"ಮತ್ತೆ? ಮೀನಿಗೆ ಕಣ್ಣಿಲ್ಲವೋ ಐತಪ್ಪ?"
ಬೆನ್ನಿನ ಉಂಗುರಕ್ಕೆ ಬಲೆ.
ಎದೆಯ ಮೇಲೆ ಅಂಗೈಯಷ್ಟು ಕುರಿಯ ತುಪ್ಪಟ,
ಒದ್ದೆ ಗರಿ ಒಣಗಲಿಕ್ಕೆ.
ಹಿಡಿದ ಮೀನು ಯಾವ ಕಿಸೆಗೆ, ಕೇಳಿದೆ.
"ಹಿಡಿದದ್ದನ್ನು ಬಿಡುವುದು."
ನನ್ನ ಪೆನ್ಸಿಲಿನ ಮೊನೆ ಅಲ್ಲಿ ಮುರಿಯಿತು.

ಅಂಗಿ ಮುಗಿಯಿತು. ಬಟ್ಟೆ ಉಳಿಯಿತು.
ಕೆಟ್ಟ ಹೆಸರು ಅಕ್ಕಸಾಲಿಗೆ ಮಾತ್ರ.

ರಾತ್ರಿ ಬಾಗಿಲು ಹಾಕಿ ನನಗೊಂದು ಕತ್ತರಿಸಿದೆ.
ಹದಿನೇಳೂ ನನಗೇತಕ್ಕೆ?
ಮೇಣ ಉಂಟು, ಸೂಜಿದಾರ ಎಳೆದೆಳೆದು ಗೀರು ಬಿದ್ದದ್ದು.
ಕತ್ತರಿ ಉಂಟು. ಚಿಮಟ, ಕಾಲಿನ ಮುಳ್ಳು ತೆಗೆಯುವುದೇ ಸಾಕು.
ಕೋಲಿಗೆ ಹಿತ್ತಿಲಿನ ಬಿದಿರು.
ತಂಗೂಸಿಗೆಂದು ಬಸ್ಸು ಹತ್ತಿ ಕಾಸರಗೋಡಿಗೆ ಹೋದೆ,
ಅಂದುಂಞಿಯ ಅಂಗಡಿಯಲ್ಲಿ ಅರ್ಧ ಗಂಟೆ
ಬೆರಳ ನಡುವೆ ಎಳೆದು, ಹಲ್ಲಿಗೆ ತಾಗಿಸಿ, ಬಿಸಿಲಿಗೆ ಹಿಡಿದು...
"ಮದುವೆ ಸೀರೆ ತೆಗೆಯಲಿಕ್ಕೆ ಬಂದದ್ದೋ?" ಅಂದ.
ಗಾಳ ಹತ್ತು, ಅವನಲ್ಲಿದ್ದ ಅತಿ ಸಣ್ಣದು.
ಅದರ ಮುಳ್ಳನ್ನು ಒತ್ತಿ ಮಟ್ಟ ಮಾಡಿದೆ,
ಬಿಡುವುದೇ ಆದರೆ ನೋಯಿಸಿ ಬಿಡುವುದೇತಕ್ಕೆ.

ಗರಿಗೆ ಮಾತ್ರ ಒಂದು ವಾರ ಹುಡುಕಿದೆ.
ಬಾತಿನದು ನೆನೆಯುವುದಿಲ್ಲ, ಕಾಗೆಯದು ಗಡಸು.
ಕೊನೆಗೆ ಸಿಕ್ಕಿದ್ದು ಅಂಕದಲ್ಲಿ ಸೋತ ಹುಂಜದ ಕೊರಳು,
ಕೆಂಪಿನೊಳಗೆ ಕಪ್ಪು ಗೆರೆ.
ಅದಕ್ಕೆ ಕಾರಡ್ಕದ ಮದುಮಗಳ ರವಿಕೆಯಿಂದ ಬಿಚ್ಚಿದ ಜರಿ,
ಮೂರೇ ಸುತ್ತು.

ಹೋದ ವರ್ಷದಿಂದ ನನ್ನ ಬಲಗೈ ನಡುಗುತ್ತದೆ.
ಗುಂಡಿತೂತು ಸೊಟ್ಟಗಾಗುತ್ತದೆ,
ಶರ್ಟಿನವರು ಒಬ್ಬೊಬ್ಬರೇ ರೆಡಿಮೇಡಿಗೆ ಹೋದರು,
ಯಾರೂ ಕಾರಣ ಹೇಳಲಿಲ್ಲ.

ಆದೂರಿನ ಕೆಳಗೆ, ಜನವರಿಯ ಪಯಸ್ವಿನಿ, ಮೊಣಕಾಲು ನೀರು.
ಎಸೆದೆ. ಗರಿ ಇಳಿಯಿತು.
ಸುಮ್ಮನೆ ಹಿಡಿದದ್ದು ಅಷ್ಟೇ, ಕೈ ತನ್ನಷ್ಟಕ್ಕೆ ನಡುಗಿತು,
ಕೋಲು ನಡುಗಿತು, ಎಳೆ ನಡುಗಿತು,
ತುದಿಯಲ್ಲಿ ಆ ಸತ್ತ ಹುಂಜದ ಗರಿ
ಈಗಷ್ಟೇ ನೀರಿಗೆ ಬಿದ್ದ ಹುಳದ ಹಾಗೆ ಒದ್ದಾಡಿತು.
ಕಲ್ಲಿನಡಿಯಿಂದ ಏನೋ ಬೆಳ್ಳಗೆ ಮಗುಚಿಕೊಂಡಿತು.

ನನ್ನ ಅಂಗಿಗೆ ಐದೇ ಕಿಸೆ, ಬಲೆಯ ಉಂಗುರ ಮರೆತೇ ಹೋಗಿತ್ತು.
ಎರಡೂ ಕೈಯಲ್ಲಿ ಎತ್ತಿದೆ.
ಕುತ್ತಿಗೆಯಲ್ಲಿ ಟೇಪು ಇದ್ದದ್ದು ಆಗಲೇ ಗೊತ್ತಾದದ್ದು.
ಉದ್ದ ಒಂಬತ್ತೂವರೆ.
ಅಭ್ಯಾಸ ನೋಡಿ, ಎದೆಯ ಸುತ್ತಳತೆಯೂ ತೆಗೆದೆ: ಆರು.
ತೋಳಿಗೆ ಬಂದಾಗ ನಗು ಬಂತು,
ಅಷ್ಟರಲ್ಲಿ ಅದು ಹೋಗಿಯೇ ಬಿಟ್ಟಿತು.

ಸೋಮವಾರ ಯೂನಿಫಾರ್ಮಿಗೆ ಅಳತೆ ಕೊಡಲಿಕ್ಕೆ ಬಂದ
ಐದನೇ ಕ್ಲಾಸಿನ ಹುಡುಗ ಮೂಗು ಮುಚ್ಚಿಕೊಂಡ.
"ಅಜ್ಜ, ನಿಮ್ಮ ಟೇಪು ಮೀನು ನಾರುತ್ತದೆ."
"ಅಲ್ಲಾಡಬೇಡ," ಅಂದೆ,
"ಕಿಸೆ ಎಷ್ಟು ಬೇಕು ಹೇಳು."